ನಡುಕ ಯಾರದು?

ಎರಡು ವರ್ಷದ ಹಿಂದೆ, ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದ ಮನೆಯಲ್ಲಿ, ಅಜ್ಜಿಯೊಬ್ಬರು ನನ್ನ ಕೈಗೆ ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟರು. ಒಳಗೆ ಐದು ಪುಟ್ಟ ರೀಲುಗಳಿದ್ದವು. 1960ರ ದಶಕದ ಮೊದಲ ವರ್ಷಗಳಲ್ಲಿ ಅವರ ಅಪ್ಪ ತೆಗೆದಿದ್ದ 8 ಎಂಎಂ ಫಿಲ್ಮುಗಳು. ಮಾತಿಲ್ಲ, ಬಣ್ಣವಿಲ್ಲ. ಮನೆಯ ಪ್ರೊಜೆಕ್ಟರ್ ಕೆಟ್ಟು ನಲವತ್ತು ವರ್ಷವಾಗಿತ್ತು. ಅಷ್ಟೂ ಕಾಲ ಅವನ್ನು ಯಾರೂ ನೋಡಿರಲಿಲ್ಲ. ಹೀಗೆ ಮನೆಮಂದಿ ತಮಗಾಗಿ ತೆಗೆದುಕೊಂಡ ಚಿತ್ರಗಳೇ ನನ್ನ ಪಿಎಚ್‌ಡಿಯ ವಿಷಯ. "ನಿಂಗೆ ಇದೆಲ್ಲ ಗೊತ್ತಿರತ್ತಲ್ಲ ಮಗಾ, ಒಂದ್ಸಲ ತೋರಿಸು. ಅಪ್ಪ ಹೇಗಿದ್ರು ಅನ್ನೋದೇ ಮರ್ತುಹೋಗ್ತಿದೆ" ಎಂದರು ಅಜ್ಜಿ.

ನನಗೆ ಗೊತ್ತಿದೆ ಎಂದು ನಾನೂ ನಂಬಿದ್ದೆ. ಮೈಸೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಗೋಡೆಗೆ ಬಿಳಿ ಪಂಚೆ ಬಿಗಿದು, ಗೆಳತಿಯ ಮನೆಯಿಂದ ತಂದ ಪ್ರೊಜೆಕ್ಟರಿಗೆ ಮೊದಲ ರೀಲನ್ನು ಏರಿಸಿದೆ. ಕಣದ ತುಂಬ ಹರಡಿದ ಕಾಫಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಹೆಂಗಸು. ಎರಡೂ ಪಂಚೆಯ ಮೇಲೆ ಕುಪ್ಪಳಿಸುತ್ತಿದ್ದವು. 'ಹಳೇ ಫಿಲ್ಮು, ಕುಗ್ಗಿದೆ' ಅಂದುಕೊಂಡೆ. ಹಳೆಯ ಫಿಲ್ಮು ಕುಗ್ಗುತ್ತದೆ, ಕುಗ್ಗಿದರೆ ಚಿತ್ರ ಕುಣಿಯುತ್ತದೆ ಎಂದು ಓದಿದ್ದೆನಲ್ಲ! ಇನ್ನು ಸ್ವಲ್ಪ ಹೊತ್ತಿಗೆ ಸರಿಹೋಗಬಹುದೆಂದು ಓಡಲು ಬಿಟ್ಟೆ. ಕರಕರ ಸದ್ದು ಕೇಳಿ ಯಂತ್ರ ನಿಲ್ಲಿಸುವಷ್ಟರಲ್ಲಿ ಇಪ್ಪತ್ತೆರಡು ತೂತುಗಳು ಹರಿದಿದ್ದವು.

ತಪ್ಪು ಫಿಲ್ಮಿನದಾಗಿರಲಿಲ್ಲ. 8 ಎಂಎಂ ಫಿಲ್ಮಿನಲ್ಲಿ ಮುಖ್ಯವಾಗಿ ಎರಡು ಜಾತಿ. ಕೊಡಾಕ್ ಕಂಪನಿ 1932ರಲ್ಲಿ ತಂದದ್ದು ಒಂದು, 1965ರಲ್ಲಿ ತಂದ ಸೂಪರ್ 8 ಇನ್ನೊಂದು. ಅಗಲ ಎರಡಕ್ಕೂ ಒಂದೇ. ಆದರೆ ಹಳೆಯದರಲ್ಲಿ ಒಂದು ತೂತಿನಿಂದ ಇನ್ನೊಂದಕ್ಕೆ 3.81 ಮಿಲಿಮೀಟರ್, ಸೂಪರ್ 8ರಲ್ಲಿ 4.23. ನಾನು ತಂದದ್ದು ಎರಡನ್ನೂ ಓಡಿಸಬಲ್ಲ ಪ್ರೊಜೆಕ್ಟರ್. ಅದರ ಗುಂಡಿ ಸೂಪರ್ 8ರ ಕಡೆಗೆ ತಿರುಗಿತ್ತು. ನಾನು ನೋಡಿರಲಿಲ್ಲ. ಅಂದರೆ ಪ್ರತಿ ಫ್ರೇಮಿಗೂ ಯಂತ್ರದ ಕೊಕ್ಕೆ ಈ ಬಡಪಾಯಿ ಫಿಲ್ಮನ್ನು ಅರ್ಧ ಮಿಲಿಮೀಟರಿನಷ್ಟು ಹೆಚ್ಚು ಎಳೆಯುತ್ತಿತ್ತು. ಅದು ಬರಲಾರದೆ ಹರಿಯಿತು.

ಮೂಕಿ ಚಿತ್ರದ ವೇಗದಲ್ಲಿ ಸೆಕೆಂಡಿಗೆ 16 ಫ್ರೇಮು. ಇಪ್ಪತ್ತೆರಡು ಫ್ರೇಮೆಂದರೆ ಒಂದೂಕಾಲು ಸೆಕೆಂಡಿಗಿಂತ ಚೂರು ಹೆಚ್ಚು. ಅಷ್ಟೇ ತಾನೆ ಎನ್ನಬಹುದು. ಆದರೆ ಇಂಥ ಮನೆಚಿತ್ರಗಳಿಗೆ ಸಾಮಾನ್ಯವಾಗಿ ನೆಗೆಟಿವ್ ಇರುವುದಿಲ್ಲ. ಕ್ಯಾಮೆರಾದೊಳಗೆ ಓಡಿದ ಪಟ್ಟಿಯನ್ನೇ ತೊಳೆದು ನೋಡುವ ಚಿತ್ರವನ್ನಾಗಿ ಮಾಡುತ್ತಿದ್ದರು. ಆ ದಿನ ಆ ಕಣದ ಮೇಲೆ ಬಿದ್ದ ಬಿಸಿಲು ತಾಗಿದ್ದು ಇದೇ ಪಟ್ಟಿಗೆ. ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ.

ಆ ರಾತ್ರಿ ನನ್ನನ್ನು ಕಾಡಿದ್ದು ಗುಂಡಿ ನೋಡದ ಅಜಾಗರೂಕತೆ ಮಾತ್ರವಲ್ಲ. ಅಜಾಗರೂಕತೆ ಎಲ್ಲರಿಂದಲೂ ಆಗುತ್ತದೆ. ಕಾಡಿದ್ದು ಅದಕ್ಕೂ ಮುಂಚೆ ನಾನು ಕೊಟ್ಟ ತೀರ್ಪು. ಚಿತ್ರ ನಡುಗಿದ ಕೂಡಲೇ, ಒಂದು ಕ್ಷಣವೂ ತಡಮಾಡದೆ, ತಪ್ಪು ಹಳೆಯದರದ್ದು ಅಂದುಬಿಟ್ಟಿದ್ದೆ. ಎದುರು ಮಾತಾಡಲಾರದವರ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭ! 'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂಬ ಗಾದೆಯನ್ನು ಚಿಕ್ಕಂದಿನಿಂದ ಬೇರೆಯವರಿಗೆ ಹೇಳುತ್ತ ಬಂದವಳು ನಾನು. ಈ ಸಲ ನೆಲವನ್ನು ಬೈದಿದ್ದಷ್ಟೇ ಅಲ್ಲ, ಅಗೆದೂ ಹಾಕಿದ್ದೆ.

ಹರಿದ ರೀಲು ಹಿಡಿದುಕೊಂಡು ಹೋದದ್ದು ಮೈಸೂರಿನಲ್ಲೇ ಇರುವ ಒಬ್ಬ ಯಜಮಾನರ ಹತ್ತಿರ. ಅವರು ಹರೆಯದಲ್ಲಿ ಜೀಪಿನಲ್ಲಿ 16 ಎಂಎಂ ಪ್ರೊಜೆಕ್ಟರ್ ಹೇರಿಕೊಂಡು ಊರೂರಿಗೆ ಹೋಗಿ, ಶಾಲೆಯ ಬಯಲಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದವರು. ಈಗ ಮನೆಯ ಹಿಂಬದಿಯ ಶೆಡ್ಡಿನಲ್ಲಿ ಹಳೆಯ ಯಂತ್ರಗಳನ್ನು ಬಿಚ್ಚಿ ಕೂಡಿಸುತ್ತಿರುತ್ತಾರೆ. ಅವರು ನನ್ನನ್ನು ಬೈಯಲಿಲ್ಲ. ರೀಲನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಫಿಲ್ಮಿನ ಆಧಾರವಾದ ಅಸಿಟೇಟ್ ಕೊಳೆಯತೊಡಗಿದರೆ ವಿನೆಗರ್ ವಾಸನೆ ಬರುತ್ತದೆ. "ವಾಸನೆ ಇಲ್ಲ. ಪುಣ್ಯ" ಎಂದು ಪಕ್ಕಕ್ಕಿಟ್ಟರು. "ನೋಡಮ್ಮ, ಚಿತ್ರ ಅಲ್ಲಾಡ್ತು ಅಂದ್ರೆ ಮೊದಲು ಫಿಲ್ಮ್ ತೆಗೆದಿಡಬೇಕು. ಬರೀ ಬೆಳಕು ಬಿಟ್ಟು ನೋಡಬೇಕು."

ಅವರು ಕಲಿಸಿದ ಕ್ರಮ ಹೀಗಿದೆ. ಫಿಲ್ಮಿಲ್ಲದೆ ಪರದೆಯ ಮೇಲೆ ಬರೀ ಬೆಳಕಿನ ಚೌಕ ಬೀಳಿಸು. ಆ ಚೌಕದ ಅಂಚೇ ಅಲುಗುತ್ತಿದ್ದರೆ ಮೇಜು ಅಲುಗುತ್ತಿದೆ, ಇಲ್ಲವೇ ಲೆನ್ಸು ಸಡಿಲವಾಗಿದೆ. ಅಂಚು ನಿಂತಿದ್ದರೆ ಗೇಟನ್ನು ಬಿಚ್ಚು. ಲೆನ್ಸಿನ ಹಿಂದೆ ಫಿಲ್ಮು ಹಾದುಹೋಗುವ ಆ ಕಿಂಡಿಯಲ್ಲಿ ಹಿಂದಿನ ಫಿಲ್ಮುಗಳಿಂದ ಕೆರೆದುಬಂದ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಬಿದಿರ ಕಡ್ಡಿಯಿಂದ ತೆಗೆ. ಚಾಕು ತಾಗಿಸಬೇಡ, ತಾಗಿಸಿದರೆ ಆ ಗೀರು ಮುಂದೆ ಬರುವ ಪ್ರತಿ ಫಿಲ್ಮಿನ ಮೇಲೂ ಬೀಳುತ್ತದೆ. ಫಿಲ್ಮನ್ನು ಒತ್ತಿಹಿಡಿಯುವ ಪಟ್ಟಿಯ ಸ್ಪ್ರಿಂಗು ಸಡಿಲವಾದರೆ ಫ್ರೇಮು ನಿಲ್ಲಬೇಕಾದಲ್ಲಿ ನಿಲ್ಲದೆ ಜಾರುತ್ತದೆ, ತೀರ ಬಿಗಿಯಾದರೆ ತೂತು ಹರಿಯುತ್ತದೆ. ಗೇಟಿನ ಮೇಲೆ ಒಂದು, ಕೆಳಗೆ ಒಂದು ಲೂಪು ಬಿಟ್ಟಿರಬೇಕು. ಕೊಕ್ಕೆ ಫಿಲ್ಮನ್ನು ತಡೆತಡೆದು ಎಳೆಯುತ್ತದೆ, ಹಲ್ಲಿನ ಚಕ್ರಗಳು ಒಂದೇ ಸಮನೆ ತಿರುಗುತ್ತವೆ. ಇವೆರಡರ ಜಗಳವನ್ನು ನುಂಗಿಕೊಳ್ಳುವುದು ಆ ಸಡಿಲವಾದ ಬಾಗು. ಲೂಪು ಕಳೆದುಹೋದರೆ ಚಿತ್ರ ಹುಚ್ಚೆದ್ದಂತೆ ನೆಗೆಯುತ್ತದೆ. ಕೊನೆಗೆ ಕೊಕ್ಕೆಯ ತುದಿ ಸವೆದಿದೆಯೇ ನೋಡು. ಇಷ್ಟೆಲ್ಲ ಆದಮೇಲೆ, ಹೋದರೆ ಹೋಗಲಿ ಎನ್ನುವಂಥ ಒಂದು ಫಿಲ್ಮನ್ನು ಓಡಿಸು. ಅದು ನಿಂತರೆ ಯಂತ್ರ ನಿರ್ದೋಷಿ. ಆಗ, ಆಗ ಮಾತ್ರ, ಅಜ್ಜಿಯ ಫಿಲ್ಮನ್ನು ಮುಟ್ಟು.

ಇದೆಲ್ಲ ಇಷ್ಟು ಸೂಕ್ಷ್ಮವಾಗಿರಬೇಕೇ ಎಂದು ಅನ್ನಿಸಿದವರು ಒಂದು ಲೆಕ್ಕ ಹಾಕಬಹುದು. 8 ಎಂಎಂ ಫ್ರೇಮಿನ ಅಗಲ ಸುಮಾರು 4.5 ಮಿಲಿಮೀಟರ್. ಅದನ್ನು ಒಂದೂವರೆ ಮೀಟರ್ ಅಗಲದ ಪಂಚೆಗೆ ಹಿಗ್ಗಿಸಿದರೆ ಮುನ್ನೂರು ಪಟ್ಟಿಗಿಂತ ಹೆಚ್ಚಾಯಿತು. ಗೇಟಿನಲ್ಲಿ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ತಪ್ಪಿದರೆ ಪಂಚೆಯ ಮೇಲೆ ಮೂರು ಮಿಲಿಮೀಟರ್ ನಡುಗುತ್ತದೆ. ನಾವು ಚಲನಚಿತ್ರ ಎನ್ನುತ್ತೇವೆ, ಆದರೆ ಫಿಲ್ಮು ಚಲಿಸುವಾಗ ಷಟರ್ ಬೆಳಕನ್ನು ಮುಚ್ಚಿಬಿಡುತ್ತದೆ. ಫ್ರೇಮು ಅಲುಗದೆ ನಿಂತ ಮೇಲೆಯೇ ಬೆಳಕು ಬರುತ್ತದೆ. ಹಾಗೆ ಸೆಕೆಂಡಿಗೆ ಹದಿನಾರು ಸಲ ಸರಿಯಾಗಿ ಒಂದೇ ಕಡೆ ನಿಂತರಷ್ಟೇ ಪರದೆಯ ಮೇಲಿನ ಹೆಂಗಸು ನೆಟ್ಟಗೆ ನಡೆಯುತ್ತಾಳೆ.

ಯಜಮಾನರ ಕ್ರಮವನ್ನು ಬರೆದುಕೊಳ್ಳುವಾಗ ನನಗೆ ಒಂದು ಪ್ರಶ್ನೆ ಬಂತು. ಯಂತ್ರದಿಂದಲೇ ಏಕೆ ಶುರು ಮಾಡಬೇಕು? ತಪ್ಪು ಹೆಚ್ಚಾಗಿ ಅದರದ್ದೇ ಇರುತ್ತದೆ ಎಂದೇ? ಕೇಳಿದೆ. "ಹಾಗೇನಿಲ್ಲ. ಇಷ್ಟು ಹಳೇ ಫಿಲ್ಮಲ್ಲಿ ತಪ್ಪು ಅದರದ್ದೂ ಇರಬಹುದು. ಆದ್ರೆ ಯಂತ್ರದ ಮೇಲೆ ಸುಮ್ಮನೆ ಅನುಮಾನ ಪಟ್ರೆ ಏನು ಹೋಗತ್ತೆ? ಒಂದು ಸಂಜೆ. ಫಿಲ್ಮಿನ ಮೇಲೆ ಸುಮ್ಮನೆ ಅನುಮಾನ ಪಟ್ರೆ ಏನು ಹೋಗತ್ತೆ ಅಂತ ನೀನೇ ನೋಡಿದೀಯ."

ನನಗೆ ಈ ಉತ್ತರ ಬಹಳ ದೊಡ್ಡದಾಗಿ ಕಂಡಿತು. 'ಮೊದಲು ನಿನ್ನನ್ನು ನೀನು ನೋಡಿಕೋ' ಎಂಬ ಮಾತನ್ನು ನಾವು ಸಾಮಾನ್ಯವಾಗಿ ವಿನಯದ ಪಾಠ ಎಂದು ಕೇಳುತ್ತೇವೆ. ನೀನು ಕೆಟ್ಟವಳು, ಆದ್ದರಿಂದ ನಿನ್ನಿಂದ ಶುರು ಮಾಡು ಎಂಬಂತೆ. ಯಜಮಾನರ ಮಾತಿನಲ್ಲಿ ಆ ಹೀಗಳಿಕೆ ಇಲ್ಲ. ಯಾರು ತಪ್ಪಿತಸ್ಥರು ಎಂಬುದು ಇನ್ನೂ ಗೊತ್ತಿಲ್ಲದಾಗ, ತಪ್ಪಾಗಿ ಅನುಮಾನಿಸಿದರೂ ತಾಳಿಕೊಳ್ಳಬಲ್ಲದ್ದನ್ನು ಮೊದಲು ಅನುಮಾನಿಸಬೇಕು. ಯಂತ್ರಕ್ಕೆ ಬೇರೆ ಸ್ಪ್ರಿಂಗು ಹಾಕಬಹುದು. ನಾನು ನನ್ನ ಮಾತನ್ನು ಹಿಂದೆಗೆದುಕೊಳ್ಳಬಹುದು. ಆ ಪಟ್ಟಿಗೆ ಅಂಥ ಎರಡನೇ ಅವಕಾಶವಿಲ್ಲ.

ನಮ್ಮ ಮೀಮಾಂಸಕರು ಜ್ಞಾನದ ಬಗ್ಗೆ ಹೇಳುವ ಒಂದು ಮಾತು ಇಲ್ಲಿ ನೆನಪಾಗುತ್ತದೆ. ನಮಗೆ ಉಂಟಾದ ತಿಳಿವಳಿಕೆಯನ್ನು ಮೊದಲಿಗೆ ನಂಬಲೇಬೇಕು; ಅದನ್ನು ಬಿಡಬೇಕಾಗುವುದು ಎರಡು ಸಂದರ್ಭಗಳಲ್ಲಿ. ಒಂದು, ಅದನ್ನು ಹುಟ್ಟಿಸಿದ ಸಾಧನದಲ್ಲೇ ದೋಷ ಕಂಡಾಗ. ಇನ್ನೊಂದು, ಅದನ್ನು ಅಲ್ಲಗಳೆಯುವ ಬೇರೆ ತಿಳಿವಳಿಕೆ ಬಂದಾಗ. ಕಾಮಾಲೆಯ ಕಣ್ಣಿಗೆ ಶಂಖ ಹಳದಿಯಾಗಿ ಕಂಡರೆ ಅದು ಮೊದಲ ಬಗೆ. ಹಾವೆಂದುಕೊಂಡದ್ದು ಹತ್ತಿರ ಹೋದಾಗ ಹಗ್ಗವಾದರೆ ಎರಡನೆಯದು. ಗೇಟು ಬಿಚ್ಚಿ ನೋಡುವುದು, ಬೇರೆ ಫಿಲ್ಮು ಓಡಿಸಿ ನೋಡುವುದು, ಶೆಡ್ಡಿನಲ್ಲಿ ಯಜಮಾನರು ಮಾಡುತ್ತಿದ್ದ ಪರೀಕ್ಷೆಗಳೂ ಈ ಎರಡೇ. ಆದರೆ ಯಾವ ಪರೀಕ್ಷೆ ಯಾವಾಗ ಎಂಬುದನ್ನು ಅವರು ಗೊತ್ತುಮಾಡುತ್ತಿದ್ದದ್ದು ಜ್ಞಾನದ ಲೆಕ್ಕದಿಂದಲ್ಲ, ಯಾರಿಗೆ ನೋವಾಗುತ್ತದೆ ಎಂಬ ಲೆಕ್ಕದಿಂದ.

ಹಾಗಾದರೆ ತಪ್ಪೆಲ್ಲ ನನ್ನದೇ ಎಂದುಕೊಂಡರೆ ಸಾಕೇ? ಆ ವಾರ ನಾನು ಹಾಗೆಯೇ ಅಂದುಕೊಂಡಿದ್ದೆ. ಅದರಲ್ಲಿ ಒಂದು ಬಗೆಯ ಸುಖವೂ ಇತ್ತು. ಉಳಿದ ರೀಲುಗಳೆಲ್ಲ ಸರಿಯಾಗಿಯೇ ಇರುತ್ತವೆ, ಕೆಟ್ಟದ್ದು ನಾನು ಮಾತ್ರ ಎಂದು ನಂಬಿಬಿಟ್ಟಿದ್ದೆ. ಯಜಮಾನರು ಅದನ್ನೂ ಒಪ್ಪಲಿಲ್ಲ. ಹೊಸ ಫಿಲ್ಮಿನ ತುಂಡೊಂದರ ಪಕ್ಕದಲ್ಲಿ ಅಜ್ಜಿಯ ಒಂದೊಂದೇ ಫಿಲ್ಮನ್ನು ಮಲಗಿಸಿ ನೂರು ತೂತು ಎಣಿಸಿದರು. ನೂರನೆಯದು ಒಂದು ತೂತಿನಷ್ಟು ಹಿಂದೆ ಬಿದ್ದಿದ್ದರೆ ಫಿಲ್ಮು ಶೇಕಡಾ 1ರಷ್ಟು ಕುಗ್ಗಿದೆ ಎಂದರ್ಥ. ಅಷ್ಟು ಕುಗ್ಗಿದ್ದನ್ನು ಸಾಮಾನ್ಯ ಪ್ರೊಜೆಕ್ಟರಿನಲ್ಲಿ ಓಡಿಸುವುದು ಅಪಾಯ. ನಾಲ್ಕು ರೀಲುಗಳು ಅರ್ಧ ತೂತಿನಷ್ಟೂ ಹಿಂದೆ ಬಿದ್ದಿರಲಿಲ್ಲ. ಐದನೆಯದು ಒಂದನ್ನು ದಾಟಿತ್ತು. "ಇದನ್ನ ಓಡಿಸೋದು ಬೇಡ. ಹಲ್ಲಿಲ್ಲದ ಸ್ಕ್ಯಾನರಿಗೆ ಕೊಡು" ಎಂದರು. ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳುವವಳು ನೆಲವನ್ನು ಬಗ್ಗಿ ನೋಡುವುದೇ ಇಲ್ಲ. ಅದೂ ಒಂದು ಸೋಮಾರಿತನ.

ಯಜಮಾನರೇ ಹರಿದ ಜಾಗಕ್ಕೆ ಪಾರದರ್ಶಕ ಟೇಪು ಹಾಕಿ ತೂತುಗಳನ್ನು ಕಟ್ಟಿದರು. ಹಳೆಯ 8 ಎಂಎಂಗೆಂದೇ ಮಾಡಿದ ತಮ್ಮ ಪ್ರೊಜೆಕ್ಟರನ್ನು ಹೊತ್ತು ಅವರೂ ನನ್ನ ಜೊತೆ ತೋಟಕ್ಕೆ ಬಂದರು. ದೀಪ ಆರಿಸುವ ಮೊದಲು ನಾನು ಅಜ್ಜಿಗೆ ಹೇಳಿದೆ. ಹೇಳಲು ಮೂರು ವಾರ ತಡಮಾಡಿದ್ದೆ. "ಎಲ್ಲಿ ಹರಿದದ್ದು? ಅಮ್ಮ ಇರೋ ಕಡೆನಾ?" ಎಂದು ಕೇಳಿದರು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತೇ ಹೇಳಬೇಕಿತ್ತು" ಎಂದರು. ಅಷ್ಟೇ.

ಚಿತ್ರ ಈಗ ನಿಂತಿತ್ತು. ಕಣ, ಕಾಫಿ, ಅಮ್ಮ, ಮಳೆಗಾಲದ ಹೊಳೆ, ಅಂಗಳದಲ್ಲಿ ಕಟ್ಟಿದ ಎಮ್ಮೆ. ಒಂದೊಂದು ರೀಲೂ ನಾಲ್ಕು ನಿಮಿಷ. ಮೂರನೆಯ ರೀಲಿನ ಕೊನೆಯಲ್ಲಿ ಕೋಟು ತೊಟ್ಟ ಒಬ್ಬರು ಜಗಲಿಯ ಮೆಟ್ಟಿಲ ಮೇಲೆ ಕಾಣಿಸಿದರು. ಐದೂ ರೀಲುಗಳಲ್ಲಿ ಅಪ್ಪ ಇದ್ದದ್ದು ಅಲ್ಲಿ ಮಾತ್ರ. ಅಲ್ಲಿಯೇ ಚಿತ್ರ ಮತ್ತೆ ನಡುಗತೊಡಗಿತು.

ನನ್ನ ಎದೆ ಧಸಕ್ಕೆಂದಿತು. ಯಜಮಾನರು ಗಾಬರಿಯಾಗಲಿಲ್ಲ. ಒಂದು ಗುಂಡಿಯನ್ನು ಮೆಲ್ಲಗೆ ತಿರುಗಿಸಿ, ಎರಡು ಫ್ರೇಮುಗಳ ನಡುವಿನ ಕಪ್ಪು ಗೆರೆಯನ್ನು ಪಂಚೆಯ ಮಧ್ಯಕ್ಕೆ ತಂದರು. "ಗೆರೆ ನೋಡು." ಗೆರೆ ಅಲ್ಲಾಡುತ್ತಿರಲಿಲ್ಲ. ಗೆರೆಯೂ ಚಿತ್ರವೂ ಒಟ್ಟಿಗೆ ಕುಣಿದರೆ ತಪ್ಪು ಪ್ರೊಜೆಕ್ಟರಿನದು, ಕುಗ್ಗಿದ ಫಿಲ್ಮಿನದು, ಇಲ್ಲವೇ ಆ ಕಾಲದ ಕ್ಯಾಮೆರಾದ ಒಳಗಿನ ಯಂತ್ರದ್ದು. ಗೆರೆ ನಿಂತಿದ್ದು ಚಿತ್ರ ಮಾತ್ರ ನಡುಗಿದರೆ ಅದು ಯಾವ ಯಂತ್ರದ ತಪ್ಪೂ ಅಲ್ಲ. ಕ್ಯಾಮೆರಾ ಹಿಡಿದಿದ್ದ ಕೈಯದು.

ಯಾರ ಕೈ? ಯಾವಾಗಲೂ ಕ್ಯಾಮೆರಾ ಹಿಡಿಯುತ್ತಿದ್ದ ಅಪ್ಪ ಇಲ್ಲಿ ಮೆಟ್ಟಿಲ ಮೇಲಿದ್ದಾರೆ. ಚಿತ್ರ ತೆಗೆದದ್ದು ಕೆಳಗಿನಿಂದ. ಕೋಟಿನ ಗುಂಡಿಗಳು ದೊಡ್ಡವಾಗಿ, ಮುಖ ಎತ್ತರದಲ್ಲಿ ಕಾಣುತ್ತದೆ. ಅಪ್ಪ ನಗುತ್ತ ಏನೋ ಹೇಳುತ್ತಿದ್ದಾರೆ. ಬಲಗೈಯನ್ನು ಅಂಗೈ ಕೆಳಗಾಗಿ ಮೆಲ್ಲಗೆ ಒತ್ತುತ್ತಿದ್ದಾರೆ, ಅಲ್ಲಾಡಿಸಬೇಡ, ನಿಧಾನ, ಎನ್ನುವ ಹಾಗೆ. ನಾನು ತಡೆಯಲಾರದೆ ಹೇಳಿಬಿಟ್ಟೆ: "ಅಜ್ಜಿ, ಇದು ಮಗು ತೆಗೆದ ಹಾಗಿದೆ. ನೀವೇ ಇರಬೇಕು."

ಅಲ್ಲಿದ್ದ ಮೊಮ್ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಸ್ಕ್ಯಾನ್ ಮಾಡಿಸಿದ ಮೇಲೆ ಒಂದು ದಿನ ಆ ತುಣುಕನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ ಕಳಿಸಿದ. ಅಪ್ಪ ಕಲ್ಲಿನಂತೆ ನಿಂತಿದ್ದರು. ಮುಖ ಇದಕ್ಕಿಂತ ಚೆನ್ನಾಗಿ ನೋಡಲು ಸಾಧ್ಯವೇ ಇರಲಿಲ್ಲ. ಆದರೆ ಹಾಗೆ ನಿಲ್ಲಿಸಲು ತಂತ್ರಾಂಶವು ಪ್ರತಿ ಫ್ರೇಮನ್ನೂ ಅಲುಗಿದ ದಿಕ್ಕಿಗೆ ವಿರುದ್ಧವಾಗಿ ಸರಿಸಿ, ಸುತ್ತಲಿನ ಅಂಚನ್ನು ಕತ್ತರಿಸುತ್ತದೆ. ಹಾಗೆ ಕತ್ತರಿಸಿಹೋದದ್ದರಲ್ಲಿ ಅಪ್ಪನ ಬಲಗೈ ಇತ್ತು. ನಿಧಾನ ಎನ್ನುತ್ತಿದ್ದ ಕೈಯೂ ಹೋಯಿತು, ನಿಧಾನ ಮಾಡಲಾರದೆ ನಡುಗುತ್ತಿದ್ದ ಕೈಯೂ ಹೋಯಿತು.

ಇದನ್ನು ಮೊಮ್ಮಗನ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಅಜ್ಜಿಗೆ ಬೇಕಿದ್ದದ್ದು ಅಪ್ಪನ ಮುಖ. ಅದನ್ನು ಅವನು ಕೊಟ್ಟ. ಅಲ್ಲದೆ, ಅಪ್ಪನೇ ಅಲ್ಲಾಡಿಸಬೇಡ ಎನ್ನುತ್ತಿದ್ದರೆ ಅವರ ಮಾತನ್ನು ಪಾಲಿಸಿದವನು ಅವನೇ ಅಲ್ಲವೇ? ನನ್ನ ತಕರಾರು ಇಷ್ಟೇ: ಯಂತ್ರದ ನಡುಕ ದೋಷ, ಅದನ್ನು ತಿದ್ದಬೇಕು. ಫಿಲ್ಮಿನ ಕುಗ್ಗುವಿಕೆ ಮುಪ್ಪು, ಅದಕ್ಕೆ ತಕ್ಕಂತೆ ನಾವು ನಡೆದುಕೊಳ್ಳಬೇಕು. ಕೈಯ ನಡುಕ ಇವೆರಡೂ ಅಲ್ಲ. ಅದು ಅಲ್ಲಿ ಯಾರೋ ಇದ್ದರು ಎಂಬುದಕ್ಕೆ ಉಳಿದಿರುವ ಒಂದೇ ಗುರುತು. ಮೂರನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಗುಂಡಿ ಒತ್ತಿ ಅಳಿಸಿಬಿಟ್ಟರೆ, ಚಿತ್ರ ತೆಗೆದವರೇ ಚಿತ್ರದಿಂದ ಹೊರಗಾಗುತ್ತಾರೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅಜ್ಜಿ ಆಮೇಲೆ ಒಂದು ಮಾತು ಹೇಳಿದರು. ಕ್ಯಾಮೆರಾ ಹಿಡಿದದ್ದು ನೆನಪಿದೆಯಾ ಎಂದು ನಾನು ಮತ್ತೊಮ್ಮೆ ಕೇಳಿದ್ದೆ. ಮೊದಲ ದಿನ ಇಲ್ಲವೆಂದಿದ್ದವರು, ಈಗ ತಣ್ಣನೆಯ ಕಬ್ಬಿಣ ಕೆನ್ನೆಗೆ ತಾಗಿದ ನೆನಪಿದೆ ಎಂದರು. ನನಗೆ ಖುಷಿಯಾಯಿತು, ಟಿಪ್ಪಣಿ ಪುಸ್ತಕ ತೆಗೆದೆ. ಅಷ್ಟರಲ್ಲಿ ಅವರೇ, "ನೀನು ಹೇಳಿದ ಮೇಲೆ ನೆನಪಾಯ್ತೋ, ನೀನು ಹೇಳಿದ್ದಕ್ಕೇ ಹಾಗೆ ಅನ್ನಿಸ್ತಿದೆಯೋ ಗೊತ್ತಿಲ್ಲ ಮಗಾ" ಎಂದರು.

ಪೆನ್ನು ಕೈಯಲ್ಲೇ ಉಳಿಯಿತು. ಪ್ರೊಜೆಕ್ಟರಿನ ಗುಂಡಿ ಎತ್ತ ತಿರುಗಿದೆ ಎಂದು ನೋಡುವುದನ್ನು ಕಲಿತಿದ್ದೆ. ನನ್ನ ಪ್ರಶ್ನೆ ಎತ್ತ ತಿರುಗಿದೆ ಎಂದು ನೋಡಿಕೊಂಡಿರಲಿಲ್ಲ. 'ನೀವೇ ಇರಬೇಕು' ಎಂದು ದೀಪ ಆರಿದ ಕೋಣೆಯಲ್ಲಿ ಹೇಳಿದಾಗ, ಆ ನೆನಪಿನ ತೂತಿಗೆ ನನ್ನ ಕೊಕ್ಕೆ ಸಿಕ್ಕಿಸಿ, ಅದು ಬರುವುದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು ಎಳೆದಿದ್ದೆನೇ? ಇದನ್ನು ತಿಳಿಯಲು ಪಂಚೆಯ ಮಧ್ಯಕ್ಕೆ ತರಬಹುದಾದ ಕಪ್ಪು ಗೆರೆ ಯಾವುದೂ ಇಲ್ಲ. ಹರಿದ ಫಿಲ್ಮಿಗೆ ಟೇಪು ಹಾಕಬಹುದು. ನಾನು ಕೇಳದಿದ್ದರೆ ಅಜ್ಜಿ ಏನನ್ನು ನೆನೆಯುತ್ತಿದ್ದರು ಎಂಬುದನ್ನು ಇನ್ನು ಯಾರೂ ನೋಡಲಾರರು.

ನನ್ನ ಪ್ರಬಂಧದ ಆ ಅಧ್ಯಾಯದಲ್ಲಿ ಈಗ ಮೂರು ಸಂಗತಿಗಳನ್ನು ಬರೆದಿದ್ದೇನೆ. ಮೊದಲ ರೀಲಿನ ಇಪ್ಪತ್ತೆರಡು ಫ್ರೇಮುಗಳ ತೂತು ಹರಿದದ್ದು ಸಂಶೋಧಕಿಯ ಕೈಯಿಂದ. ಮೂರನೆಯ ರೀಲಿನ ಕೊನೆಯ ತುಣುಕನ್ನು ತೆಗೆದದ್ದು ಅಪ್ಪ ಅಲ್ಲ, ಬಹುಶಃ ಒಂದು ಮಗು. ಆ ಮಗು ತಾನೇ ಎಂದು ಅಜ್ಜಿ ಹೇಳಿದ್ದು ಸಂಶೋಧಕಿ ಹಾಗೆಂದು ಸೂಚಿಸಿದ ಮೇಲೆ. ಮೂರನೆಯ ವಾಕ್ಯ ಅಧ್ಯಾಯವನ್ನು ದುರ್ಬಲ ಮಾಡುತ್ತದೆ ಎಂದು ಓದಿದ ಗೆಳೆಯರು ಹೇಳಿದರು. ಮಾಡುತ್ತದೆ, ನಿಜ. ಆದರೂ ಅದನ್ನು ಹಾಗೆಯೇ ಬಿಟ್ಟಿದ್ದೇನೆ.